ಕಟ್ಟುವುದಕ್ಕಿಂತ ಕಾಯ್ದುಕೊಳ್ಳುವುದು ದೊಡ್ಡದು

ಸಾವಿರಾರು ಮಂದಿ ನೌಕರರುಳ್ಳ ಸಂಸ್ಥೆಗಳ ಕಡತಗಳು ಇಂದು ಬೀರುಗಳಲ್ಲಿಲ್ಲ, ಕಂಪ್ಯೂಟರುಗಳಲ್ಲಿವೆ. ಒಬ್ಬರು ಬರೆದ ಕರಡನ್ನು ಇನ್ನೊಬ್ಬರು ತಿದ್ದಲು, ಮತ್ತೊಬ್ಬರು ಒಪ್ಪಿಗೆ ನೀಡಲು, ಯಾರು ಏನನ್ನು ನೋಡಬಹುದೆಂದು ಗೊತ್ತುಮಾಡಲು ಎಲ್ಲರಿಗೂ ಸಮಾನವಾದ ಒಂದು ವೇದಿಕೆ ಬೇಕು. ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ಹೊರತಂದ ಶೇರ್‌ಪಾಯಿಂಟ್ ಇಂತಹವುಗಳಲ್ಲಿ ಪ್ರಸಿದ್ಧವಾದುದು. ಅದನ್ನು ಸ್ಥಾಪಿಸುವಾಗ ಆಡಳಿತವರ್ಗವು ತೋರುವ ಉತ್ಸಾಹ, ಕಾಲಕಾಲಕ್ಕೆ ಅದನ್ನು ನವೀಕರಿಸುವಾಗ ಏಕೆ ಕಾಣುವುದಿಲ್ಲ?

"ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಮುಟ್ಟುವುದೇತಕ್ಕೆ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ವಾದ. ಇದರಲ್ಲಿ ಸ್ವಲ್ಪ ಸತ್ಯವೂ ಉಂಟು. ನವೀಕರಣವು ಹಗುರವಾದ ಕೆಲಸವಲ್ಲ. ಹೊಸ ಸರ್ವರುಗಳ ಸಮೂಹವನ್ನು ಮೊದಲು ಸಿದ್ಧಪಡಿಸಿ, ಹಳೆಯ ದತ್ತಸಂಚಯದ ಪ್ರತಿಯನ್ನು ಪರೀಕ್ಷಿಸಿ, ಅನಂತರ ಅದನ್ನು ಅಲ್ಲಿಗೆ ಜೋಡಿಸಬೇಕು. ಸಂಸ್ಥೆಯು ತನ್ನ ಅನುಕೂಲಕ್ಕೆಂದು ಹಿಂದೆ ಬರೆಯಿಸಿಕೊಂಡ ವಿಶೇಷ ಭಾಗಗಳು ಹೊಸದರಲ್ಲಿ ಇಲ್ಲವಾದರೆ, ಅವನ್ನು ನೆಚ್ಚಿದ ಪುಟಗಳು ನಿಂತುಹೋಗುತ್ತವೆ.

ಆದರೆ ತಡಮಾಡಿದ ಮಾತ್ರಕ್ಕೆ ಈ ಶ್ರಮವು ಕಡಿಮೆಯಾಗುವುದಿಲ್ಲ; ಹೆಚ್ಚುತ್ತದೆ. 2010ರ ಆವೃತ್ತಿಯಿಂದ ನೇರವಾಗಿ 2016ರದಕ್ಕೆ ಏರಲಾಗದು. ನಡುವೆ 2013ರ ಮೆಟ್ಟಿಲನ್ನು ತುಳಿಯಲೇಬೇಕು. 2010ರ ಆವೃತ್ತಿಗೆ ತಯಾರಕರ ಬೆಂಬಲವು 2021ರ ಏಪ್ರಿಲ್ 13ರಂದು ಮುಗಿಯಿತು. 2013ರದಕ್ಕೆ 2023ರ ಏಪ್ರಿಲ್ 11ರಂದು. ಅಲ್ಲಿಯವರೆಗೆ ಕೈಕಟ್ಟಿ ಕುಳಿತವರು ಹಲವು ವರ್ಷಗಳ ಕೆಲಸವನ್ನು ಒಮ್ಮೆಲೇ ಹೊರಬೇಕಾಯಿತು.

ಉದಾಸೀನದ ಬೆಲೆ 2025ರ ಜುಲೈನಲ್ಲಿ ಜಗತ್ತಿಗೇ ತಿಳಿಯಿತು. ಸಂಸ್ಥೆಗಳು ತಮ್ಮಲ್ಲಿಯೇ ಇರಿಸಿಕೊಂಡಿದ್ದ ಶೇರ್‌ಪಾಯಿಂಟ್ ಸರ್ವರುಗಳೊಳಕ್ಕೆ ಗುಪ್ತಪದವೇ ಇಲ್ಲದೆ ನುಗ್ಗಬಲ್ಲ ದೋಷವೊಂದನ್ನು ದುಷ್ಕರ್ಮಿಗಳು ಬಳಸಿಕೊಂಡರು. ಅವರು ಸರ್ವರಿನ ಗೂಢಲಿಪಿಯ ಕೀಲಿಗಳನ್ನೂ ಕದ್ದುದರಿಂದ, ದೋಷವನ್ನು ಸರಿಪಡಿಸಿದರಷ್ಟೆ ಸಾಲದಾಯಿತು, ಕೀಲಿಗಳನ್ನೂ ಬದಲಿಸಬೇಕಾಯಿತು. ಬೆಂಬಲವುಳ್ಳ ಆವೃತ್ತಿಗಳಿಗೆ ಕೆಲವೇ ದಿನಗಳಲ್ಲಿ ಪರಿಹಾರ ಬಂದಿತು. ಅವಧಿ ಮುಗಿದ ಹಳೆಯವನ್ನು ಅಂತರಜಾಲದಿಂದ ಕಿತ್ತುಬಿಡಿರೆಂದು ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸೂಚಿಸಿತು. ಕೆಲಸ ನಡೆಯುತ್ತಿದ್ದಾಗಲೇ ಕಛೇರಿಯ ಬಾಗಿಲು ಹಾಕಿದಂತಲ್ಲವೆ ಇದು?

ಮೈಕ್ರೋಸಾಫ್ಟ್ ತಾನೇ ನಡೆಸುವ ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಈ ದೋಷವು ತಟ್ಟಲಿಲ್ಲ. ಹಾಗಾದರೆ ಎಲ್ಲವನ್ನೂ ಅಲ್ಲಿಗೇ ಒಪ್ಪಿಸಿ ನಿಶ್ಚಿಂತರಾಗಬಹುದೆ? ಸರ್ವರುಗಳ ಹೊರೆಯೇನೋ ಇಳಿಯುವುದು. ಆದರೆ ಬದಲಾವಣೆಯ ಕಾಲವನ್ನು ಆಗ ನಿರ್ಧರಿಸುವವರು ನಾವಲ್ಲ. ಯಾರಿಗೆ ಯಾವ ಕಡತವೆಂಬ ವಿವೇಚನೆಯೂ ನೌಕರರ ಶಿಕ್ಷಣವೂ ನಮ್ಮ ಪಾಲಿಗೇ ಉಳಿಯುತ್ತವೆ. ಗೋಪ್ಯದ ಕಾರಣದಿಂದ ದಾಖಲೆಗಳನ್ನು ಹೊರಗೆ ಕಳುಹಿಸಲಾರದ ಸಂಸ್ಥೆಗಳೂ ಉಂಟು.

ಆದುದರಿಂದ ಎರಡೂ ಬಗೆಯವರು ಪಾಲಿಸಬೇಕಾದ ನೀತಿಯೊಂದಿದೆ. ಸ್ಥಾಪನೆಯ ಆಯವ್ಯಯದಲ್ಲಿಯೇ ನವೀಕರಣದ ವೆಚ್ಚವನ್ನೂ ಅದಕ್ಕೆ ಬೇಕಾದ ಜನರನ್ನೂ ಗೊತ್ತುಮಾಡಬೇಕು. ಅತ್ಯವಶ್ಯವಲ್ಲದ ವಿಶೇಷ ಭಾಗಗಳನ್ನು ಸೇರಿಸಬಾರದು. ಅಂದಿನ ಅನುಕೂಲವು ಮುಂದಿನ ತೊಡಕು. ತಮ್ಮ ಸರ್ವರುಗಳನ್ನು ತಾವೇ ನಡೆಸುವವರು ದತ್ತಸಂಚಯದ ಪ್ರತಿಯ ಮೇಲೆ ನವೀಕರಣದ ತಾಲೀಮನ್ನು ಮುಂಚೆಯೇ ನಡೆಸಬೇಕು. 2016 ಮತ್ತು 2019ರ ಆವೃತ್ತಿಗಳ ಬೆಂಬಲಕ್ಕೆ 2026ರ ಜುಲೈ 14 ಕೊನೆಯ ದಿನವೆಂದು ವರ್ಷಗಳ ಮೊದಲೇ ಪ್ರಕಟಿಸಲಾಗಿತ್ತು. ಹೀಗೆ ದಿನಾಂಕವು ತಿಳಿದಿದ್ದೂ ಕೊನೆಯ ತಿಂಗಳವರೆಗೆ ಕಾಯುವುದೆಂದರೆ ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೇ ಸರಿ.

ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ. ಹೂಳೆತ್ತಿದವರ ಹೆಸರು ಎಲ್ಲಿಯೂ ಕಾಣುವುದು ಅಪರೂಪ. ನೀರು ನಿಲ್ಲುವುದು ಮಾತ್ರ ಇಬ್ಬರಿಂದಲೂ. ನಮ್ಮ ಆಡಳಿತಗಳು ಎರಡನೆಯವರಿಗೂ ಹಣವನ್ನೂ ಕಾಲವನ್ನೂ ಮನ್ನಣೆಯನ್ನೂ ಕೊಡುವುದನ್ನು ಕಲಿಯಬೇಕು.