ನಿಲ್ಲುವುದೂ ಧೈರ್ಯವೇ

ಮಕ್ಕಳೇ, ಲಡಾಖ್ ಹಿಮಾಲಯದ ಸೀಮೆಯ ಎತ್ತರದ ನಾಡು. ಅಲ್ಲಿನ ಮಾತಿನಲ್ಲಿ ‘ಲಾ’ ಎಂದರೆ ಬೆಟ್ಟ ದಾಟುವ ಕಣಿವೆ ದಾರಿ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಖರ್ದುಂಗ್ ಲಾ ಸಿಗುತ್ತದೆ. ಅದರ ಎತ್ತರ ಸುಮಾರು 5,359 ಮೀಟರ್. ಬೇಸಿಗೆಯಲ್ಲಿ ಅನೇಕರು ಮೋಟಾರ್ ಸೈಕಲ್ ಏರಿ ಈ ದಾರಿ ಹಿಡಿಯುತ್ತಾರೆ.

ಎಲ್ಲಿಯೂ ನಿಲ್ಲದೆ ಓಡಿಸುವವನೇ ಧೀರ ಎಂದು ಕೆಲವರು ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಒಂದೊಂದು ಉಸಿರಿನಲ್ಲೂ ಆಮ್ಲಜನಕ ಕಡಿಮೆ ಸಿಗುತ್ತದೆ. ಪೆಟ್ರೋಲ್ ಉರಿಯಲೂ ಆಮ್ಲಜನಕ ಬೇಕಷ್ಟೆ. ಆದ್ದರಿಂದ ಎಂಜಿನ್ನಿನ ಬಲ ಕುಂದುತ್ತದೆ. ಅಲ್ಲಿ ಬೈಕಿಗೂ ಏದುಸಿರು! ಸವಾರನಿಗೆ ತಲೆನೋವು, ವಾಕರಿಕೆ ಬರಬಹುದು. ಅದನ್ನು ಬಚ್ಚಿಟ್ಟು ಇನ್ನೂ ಮೇಲೇರಿದರೆ ಪ್ರಾಣಕ್ಕೇ ಅಪಾಯ.

ಬಲ್ಲವರು ಲೇಹ್‌ನಲ್ಲಿ ಎರಡು ದಿನವಾದರೂ ವಿಶ್ರಾಂತಿ ಪಡೆಯುತ್ತಾರೆ. ಮೈ ಒಗ್ಗಿದ ಮೇಲೆ ಹೊರಡುತ್ತಾರೆ. ಕಾಯಿಲೆ ಹೆಚ್ಚಿದರೆ ತಡಮಾಡದೆ ಕೆಳಗಿಳಿಯುತ್ತಾರೆ. ಆಗ ಜೊತೆಗಾರರು ಗೇಲಿ ಮಾಡಬಾರದು, ತಾವೂ ಜೊತೆಯಲ್ಲಿ ಇಳಿಯಬೇಕು.

ಬೆಟ್ಟ ನಾಳೆಯೂ ಅಲ್ಲೇ ಇರುತ್ತದೆ. “ನನಗೆ ಆಗುತ್ತಿಲ್ಲ” ಎಂದು ಹೇಳಲೂ ಎದೆಗಾರಿಕೆ ಬೇಕು. ನಿಮ್ಮ ಆಟದ ಬಯಲಿನಲ್ಲೂ ಇದು ನಿಜವಲ್ಲವೇ?