ಕಿನಾಯಾ ಕಾವ್ಯಕ್ಕಿರಲಿ, ತಲಾಖ್‌ಗೆ ಬೇಡ

ನಮ್ಮ ಮನೆಗಳಲ್ಲಿ ‘ಇಶಾರೆ ಕಿನಾಯೆ’ ಎಂಬ ಜೋಡಿಪದವೊಂದು ಬಳಕೆಯಲ್ಲಿದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಕಣ್ಣಿನಲ್ಲಿ, ಹುಬ್ಬಿನಲ್ಲಿ, ಬೇರೊಂದು ಮಾತಿನ ಮರೆಯಲ್ಲಿ ಮುಟ್ಟಿಸುವುದಕ್ಕೆ ಈ ಹೆಸರು. ಉರ್ದು ಕಲಿತವರಿಗೆ ಇದರಲ್ಲಿನ ಕಿನಾಯಾ ಮತ್ತೆ ಎದುರಾಗುವುದು ಇಲ್ಮೆ ಬಯಾನ್‌ನ ಪಾಠದಲ್ಲಿ. ತಷ್ಬೀಹ್, ಇಸ್ತಿಆರಾ, ಮಜಾಝೆ ಮುರ್ಸಲ್‌ಗಳ ಜೊತೆಗೆ ಅದು ನಾಲ್ಕನೆಯದು. ಫಿಕ್ಹ್ ಓದಿದವರಿಗೆ ಅದೇ ಪದ ಇನ್ನೊಂದು ಕಡೆಯೂ ಸಿಗುತ್ತದೆ, ತಲಾಖ್‌ನ ಅಧ್ಯಾಯದಲ್ಲಿ. ಮೊದಲೆರಡು ಕಡೆ ಅದು ಮಾತಿನ ಸೊಗಸು, ಮೂರನೆಯ ಕಡೆ ಒಬ್ಬ ಹೆಂಗಸಿನ ಬದುಕು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಕಿನಾಯಾ ಎಂದರೆ ನಮ್ಮ ಪರಂಪರೆಯ ನಾಜೂಕು ಎಂದು ಸಮರ್ಥಿಸುವವರೊಡನೆಯೇ ನಮ್ಮ ಜಗಳ.

ಸೊಗಸಿನ ಬಗ್ಗೆ ತಕರಾರಿಲ್ಲ. ಕಥೆ ಬರೆಯುವ ನಾವು ಅದರಿಂದಲೇ ಅನ್ನ ಉಣ್ಣುವವರು. ಒಬ್ಬನ ಮನೆಯಲ್ಲಿ ಬೂದಿ ಬಹಳ ಎಂದು ಅರಬರು ಹೇಳಿದರೆ, ಅವನ ಒಲೆ ಆರುವುದಿಲ್ಲ, ಅತಿಥಿಗಳು ತಪ್ಪುವುದಿಲ್ಲ, ಅವನು ಉದಾರಿ ಎಂದು ಅರ್ಥ. 11ನೆಯ ಶತಮಾನದ ಅಬ್ದುಲ್ ಕಾಹಿರ್ ಜುರ್ಜಾನಿ ಇಂಥ ಮಾತುಗಳು ನೇರ ಮಾತಿಗಿಂತ ಏಕೆ ಆಳಕ್ಕೆ ಇಳಿಯುತ್ತವೆ ಎಂಬುದನ್ನು ವಿವರಿಸಿದ. ಅವನಿಗಿಂತ ಎರಡು ಶತಮಾನ ಮೊದಲೇ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮವೆಂದಿದ್ದ. ನಮ್ಮ ಕವಿರಾಜಮಾರ್ಗವೂ ಧ್ವನಿಯ ಹೆಸರೆತ್ತುತ್ತದೆ. ಪಂಡಿತರೇಕೆ, ಹೊಸಿಲು ದಾಟುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ, ಕತ್ತಲಾದ ಮೇಲೆ ಹಾವನ್ನು ‘ಹುಳ’ ಎನ್ನುವ ಕನ್ನಡದ ಅಜ್ಜಿಯರಿಗೆ ಇದನ್ನು ಯಾರು ಕಲಿಸಬೇಕಾಗಿತ್ತು?

ಕುರ್‌ಆನ್ ಕೂಡ ಸೂಚ್ಯವಾಗಿ ಆಡುವ ಮಾತಿಗೆ ಜಾಗ ಕೊಟ್ಟಿದೆ. ಅಲ್ ಬಕರಾ ಅಧ್ಯಾಯದ 235ನೆಯ ವಚನ ನೋಡಿ. ಇದ್ದತ್‌ನಲ್ಲಿರುವ ವಿಧವೆಗೆ ಮದುವೆಯ ಪ್ರಸ್ತಾಪವನ್ನು ಸೂಚ್ಯವಾಗಿ ತಿಳಿಸಿದರೆ ದೋಷವಿಲ್ಲ, ಆದರೆ ಗುಟ್ಟಾಗಿ ಮಾತು ಕೊಟ್ಟು ಕೊಳ್ಳುವುದು ಬೇಡ, ಇದ್ದತ್ ಮುಗಿಯುವತನಕ ನಿಕಾಹ್‌ನ ಗಂಟು ಹಾಕುವುದೂ ಬೇಡ ಎಂಬುದು ಅದರ ತಾತ್ಪರ್ಯ. ದುಃಖದಲ್ಲಿರುವ ಹೆಂಗಸಿನ ಮನಸ್ಸು ನೋಯದಿರಲಿ, ನಾಳೆಯ ಬಾಗಿಲೂ ಮುಚ್ಚದಿರಲಿ ಎಂಬ ಕಾಳಜಿ ಅಲ್ಲಿದೆ. ಸೂಚನೆ ಅಲ್ಲಿ ಹೆಂಗಸಿನ ಪರವಾಗಿ ನಿಂತಿದೆ.

ಇನ್ನು ತಲಾಖ್‌ನ ಅಧ್ಯಾಯಕ್ಕೆ ಬನ್ನಿ. ಫುಕಹಾಗಳು ತಲಾಖ್‌ನ ಮಾತುಗಳನ್ನು ಎರಡಾಗಿ ವಿಂಗಡಿಸಿದರು. ‘ತಲಾಖ್’ ಎಂಬ ಪದವನ್ನೇ ಬಳಸಿ ಆಡಿದ್ದು ಸರೀಹ್, ಅಂದರೆ ಸ್ಪಷ್ಟ. ಬೇರೆ ಅರ್ಥವೂ ಇರಬಹುದಾದ ಮಾತು ಕಿನಾಯಾ. ‘ನಿನ್ನವರ ಹತ್ತಿರ ಹೋಗು’, ‘ಮುಖ ಮುಚ್ಚಿಕೋ’, ‘ನಿನ್ನ ಹಗ್ಗ ನಿನ್ನ ಹೆಗಲ ಮೇಲಿದೆ’ ಇವೆಲ್ಲ ಆ ಪಟ್ಟಿಯಲ್ಲಿವೆ. ಕೊನೆಯದು ಮೇಯಲು ಬಿಟ್ಟ ಒಂಟೆಯ ಮಾತು. ಹೆಂಡತಿಗೆ ಅದು ಹೇಗೆ ಒಪ್ಪುತ್ತದೆ ಎಂದು ಕೇಳಿದವರು ಕಡಿಮೆ. ಇಂಥ ಮಾತಿನಿಂದ ತಲಾಖ್ ಆಗಬೇಕಾದರೆ ಗಂಡನ ನಿಯ್ಯತ್ ಇರಬೇಕು, ಇಲ್ಲವೆ ಸಂದರ್ಭ ಅದನ್ನು ಹೇಳುವಂತಿರಬೇಕು. ಹನಫಿ ಮದ್‌ಹಬ್‌ನಲ್ಲಿ ಹೀಗಾದ ತಲಾಖ್, ಎರಡು ಮೂರು ಮಾತುಗಳನ್ನು ಬಿಟ್ಟರೆ, ಬಾಇನ್. ಅಂದರೆ ಗಂಡ ಮರುದಿನ ಪಶ್ಚಾತ್ತಾಪಪಟ್ಟರೂ ಹೊಸ ನಿಕಾಹ್ ಇಲ್ಲದೆ ಅವಳನ್ನು ಮರಳಿ ಪಡೆಯಲಾಗದು. ಸ್ಪಷ್ಟವಾಗಿ ಒಮ್ಮೆ ‘ತಲಾಖ್’ ಎಂದರೆ ಇದ್ದತ್ ಮುಗಿಯುವವರೆಗೆ ಮರಳುವ ದಾರಿಯಿದೆ. ಗೊಣಗಿದ ಮಾತಿಗೆ ಅದೂ ಇಲ್ಲ!

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವನ್ನು ನೆನಪಿಸಬೇಕು. ಮಜಾಝ್‌ನಲ್ಲಿ ಮೂಲಾರ್ಥ ಸಲ್ಲುವುದಿಲ್ಲ. ಯೋಧನನ್ನು ಸಿಂಹ ಎಂದರೆ ಅವನಿಗೆ ಬಾಲ ಇದೆಯೆಂದು ಯಾರೂ ಹುಡುಕುವುದಿಲ್ಲ. ಕಿನಾಯಾದಲ್ಲಿ ಹಾಗಲ್ಲ, ಮೂಲಾರ್ಥವೂ ಸಲ್ಲಬಹುದು. ಉದಾರಿಯ ಮನೆಯಲ್ಲಿ ನಿಜವಾಗಿಯೂ ಬೂದಿ ಇರಬಹುದು. ಕವಿಗೆ ಇದು ಐಶ್ವರ್ಯ. ಗಂಡನಿಗೆ ಹಿಂಬಾಗಿಲು. ‘ತವರಿಗೆ ಹೋಗು’ ಎಂದವನು ಮೂರು ತಿಂಗಳ ನಂತರ ‘ನಾನು ತವರಿಗೆ ಹೋಗು ಎಂದೆ, ಅಷ್ಟೆ’ ಎನ್ನಬಹುದು. ಬೇರೆ ಮದುವೆಯ ಆಸೆ ಹುಟ್ಟಿದರೆ ‘ಅವತ್ತೇ ಬಿಟ್ಟಾಯಿತಲ್ಲ’ ಎನ್ನಲೂಬಹುದು. ಅಷ್ಟು ದಿನ ಅವಳು ಯಾರು? ಹೆಂಡತಿಯೋ, ಇದ್ದತ್‌ನಲ್ಲಿರುವವಳೋ, ಇದ್ದತ್ ಮುಗಿಸಿದವಳೋ? ಅದು ಅವಳಿಗೇ ಗೊತ್ತಿಲ್ಲ. ಗೊತ್ತಿರುವುದು ಇನ್ನೊಬ್ಬನ ಎದೆಯೊಳಗೆ.

ಇದು ನಮ್ಮ ಕಲ್ಪನೆಯಲ್ಲ, ಒಂದೇ ವಾಕ್ಯಕ್ಕೆ ಎರಡು ಫಲ ಬಂದದ್ದು ಹದೀಸ್‌ನಲ್ಲೇ ಇದೆ. ತಬೂಕ್ ಯುದ್ಧಕ್ಕೆ ಹೋಗದೆ ಉಳಿದ ಕಅಬ್ ಬಿನ್ ಮಾಲಿಕ್ (ರ) ಬಹಿಷ್ಕಾರದ ದಿನಗಳಲ್ಲಿ ಹೆಂಡತಿಗೆ ‘ನಿನ್ನವರ ಹತ್ತಿರ ಹೋಗು’ ಎಂದರು. ಅದು ತಲಾಖ್ ಆಗಲಿಲ್ಲ, ಏಕೆಂದರೆ ಅವರ ಉದ್ದೇಶ ಅದಾಗಿರಲಿಲ್ಲ. ಇದೇ ಮಾತು ಬೇರೊಂದು ಸಂದರ್ಭದಲ್ಲಿ ತಲಾಖ್ ಆದದ್ದನ್ನೂ ಬುಖಾರಿ ದಾಖಲಿಸಿದ್ದಾರೆ. ನಿಯ್ಯತ್‌ನ ಷರತ್ತು ಹಾಕಿದ ಫುಕಹಾಗಳ ಮನಸ್ಸಿನಲ್ಲಿ ಕಅಬ್‌ರ ಮನೆಯಂಥ ಮನೆಗಳೇ ಇದ್ದವೆಂದು ನಾವು ನಂಬುತ್ತೇವೆ. ಬಾಯಿ ತಪ್ಪಿದ ಮಾತಿಗೆ ಸಂಸಾರ ಮುರಿಯದಿರಲಿ ಎಂದು ಅವರು ಬೇಲಿ ಹಾಕಿದರು. ಆ ಬೇಲಿಯ ಕೀಲಿಕೈಯನ್ನು ಒಬ್ಬನ ಜೇಬಿನಲ್ಲಿಟ್ಟಾಗ ಅದು ಬೇಲಿಯಾಗಿ ಉಳಿಯಲಿಲ್ಲ ಎಂಬುದು ಕೂಡ ಅಷ್ಟೇ ನಿಜ.

ಪರಂಪರೆಯ ಹೆಸರಿನಲ್ಲಿ ನಮ್ಮ ಬಾಯಿ ಮುಚ್ಚಿಸುವವರು ಪರಂಪರೆಯನ್ನು ಪೂರ್ತಿ ಓದಲಿ. ಶಾಫಿ ಮದ್‌ಹಬ್‌ನಲ್ಲಿ, ಅಂದರೆ ನಮ್ಮ ಕರಾವಳಿಯ ಬ್ಯಾರಿಗಳೂ ನವಾಯತರೂ ಅನುಸರಿಸುವ ಮದ್‌ಹಬ್‌ನಲ್ಲಿ, ನಿಕಾಹ್ ಕಿನಾಯಾದಿಂದ ಆಗುವುದಿಲ್ಲ. ಕಾರಣ ಏನು ಗೊತ್ತೇ? ಕಿನಾಯಾಕ್ಕೆ ನಿಯ್ಯತ್ ಬೇಕು, ನಿಯ್ಯತ್ ಸಾಕ್ಷಿಗಳ ಕಣ್ಣಿಗೆ ಕಾಣುವುದಿಲ್ಲ! ಕಟ್ಟುವಾಗ ಇಷ್ಟು ಒಳ್ಳೆಯ ತರ್ಕ ಹೊಳೆದಿತ್ತು, ಬಿಡುವಾಗ ಅದೇ ತರ್ಕ ಎಲ್ಲಿ ಹೋಯಿತು? ಜಾಫರಿ ಶಿಯಾಗಳು ಅದನ್ನು ಬಿಡುವಾಗಲೂ ಬಿಡಲಿಲ್ಲ. ಅವರಲ್ಲಿ ತಲಾಖ್‌ಗೆ ಸ್ಪಷ್ಟ ಪದ ಬೇಕು, ಇಬ್ಬರು ಸಾಕ್ಷಿಗಳು ಬೇಕು, ನಿಯ್ಯತ್ ಇದ್ದರೂ ಕಿನಾಯಾ ನಡೆಯದು. 11ನೆಯ ಶತಮಾನದ ಕಾರ್ಡೋಬಾದ ಇಬ್ನ್ ಹಝ್ಮ್ ಕುರ್‌ಆನಿನಲ್ಲಿರುವ ತಲಾಖ್, ಸರಾಹ್, ಫಿರಾಕ್ ಎಂಬ ಮೂರು ಪದಗಳ ಹೊರಗೆ ತಲಾಖ್‌ಗೆ ಜಾಗವೇ ಇಲ್ಲವೆಂದರು. ಇಬ್ಬರು ನ್ಯಾಯಶೀಲ ಸಾಕ್ಷಿಗಳ ಮಾತು ಅತ್ತಲಾಖ್ ಅಧ್ಯಾಯದಲ್ಲಿದೆ, ಎರಡೂ ಕಡೆಯ ಮಧ್ಯಸ್ಥರ ಮಾತು ಅನ್ನಿಸಾದಲ್ಲಿದೆ. ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ನಾವು ಹೋಗದಿದ್ದಾಗ ಕೋರ್ಟು ಹೋಯಿತು. 2002ರ ಶಮೀಮ್ ಆರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹಿಂದೆಂದೋ ತಲಾಖ್ ಕೊಟ್ಟಿದ್ದೆ ಎಂದು ಗಂಡ ಹೇಳಿಕೆಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ತಲಾಖ್ ಆಗದು, ಸಕಾರಣವೂ ಸಂಧಾನದ ಯತ್ನವೂ ಇರಬೇಕು ಎಂದಿತು. 2017ರ ಆಗಸ್ಟ್ 22ರಂದು ತಲಾಖೆ ಬಿದ್‌ಅತ್ ರದ್ದಾಯಿತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷದವರೆಗಿನ ಜೈಲನ್ನು ಸೇರಿಸಿತು. ಜೈಲಿಗೆ ಹೋದವನಿಂದ ಜೀವನಾಂಶ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಆ ಕಾಯ್ದೆ ತಂದವರು ಸರಿಯಾಗಿ ಉತ್ತರಿಸಲಿಲ್ಲ, ಅದು ಬೇರೆ ಮಾತು. ಮೂರು ಸಲ ಹೇಳುವುದು ಅಪಾಯವಾದ ಮೇಲೆ ಒಂದು ಸಲವೂ ಹೇಳದಿರುವ ದಾರಿಗೆ ಬೆಲೆ ಬಂದರೆ ಆಶ್ಚರ್ಯವೇನು? 2022ರಲ್ಲಿ ತಲಾಖೆ ಕಿನಾಯಾವನ್ನೂ ತಲಾಖೆ ಬಾಇನ್‌ಅನ್ನೂ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮಹಿಳೆ ಕರ್ನಾಟಕದವರೇ.

‘ಹೊರಗೆ ಬೆಂಕಿ ಬಿದ್ದಿರುವಾಗ ಮನೆಯೊಳಗಿನ ಜಗಳ ಬೇಡ’ ಎನ್ನುವವರಿಗೆ ಒಂದು ಮಾತು. ಹೊರಗಿನವರು ನಮ್ಮ ವಿರುದ್ಧ ಬಳಸುವುದೂ ಕಿನಾಯಾವನ್ನೇ ಅಲ್ಲವೆ? ಪತ್ರಿಕೆಗಳ ‘ಅನ್ಯಕೋಮಿನ ಯುವಕ’, ‘ಸೂಕ್ಷ್ಮ ಪ್ರದೇಶ’ ಯಾರನ್ನು, ಯಾವ ಬೀದಿಯನ್ನು ಹೇಳುತ್ತವೆಂದು ಮಕ್ಕಳಿಗೂ ಗೊತ್ತು. 2019ರ ಡಿಸೆಂಬರ್‌ನಲ್ಲಿ ಜಾರ್ಖಂಡಿನ ದುಮ್ಕಾದ ಸಭೆಯಲ್ಲಿ ಪ್ರಧಾನಿಯವರು ಬೆಂಕಿ ಹಚ್ಚುವವರನ್ನು ಅವರ ಬಟ್ಟೆಯಿಂದಲೇ ಗುರುತಿಸಬಹುದು ಎಂದರು. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೇಳಿದರೆ ನಾವು ಯಾರ ಹೆಸರು ಹೇಳಿದೆವು ಎಂದು ಮರುಪ್ರಶ್ನೆ ಬರುತ್ತದೆ. ಆ ಮರುಪ್ರಶ್ನೆಯ ಉರಿ ಬಲ್ಲ ನಾವು, ‘ನಾನು ತವರಿಗೆ ಹೋಗು ಎಂದೆ, ಅಷ್ಟೆ’ ಎನ್ನುವವನ ಪಕ್ಕ ಯಾವ ಮುಖ ಹೊತ್ತು ನಿಲ್ಲುತ್ತೇವೆ?

ಇದಕ್ಕೆ ಪಾರ್ಲಿಮೆಂಟಿಗೆ ಕಾಯಬೇಕಾಗಿಲ್ಲ. ಪ್ರತಿ ಜಮಾಅತ್‌ನಲ್ಲೂ ನಿಕಾಹ್ ದಫ್ತರ್ ಇದೆ, ಮಹರ್‌ನ ಮೊತ್ತ ಅದರಲ್ಲಿ ಅಕ್ಷರದಲ್ಲೂ ಅಂಕಿಯಲ್ಲೂ ಬರೆಯಲ್ಪಡುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಲಿ: ಮಧ್ಯಸ್ಥರು ಕೂತು ಮಾತಾಡಿದ ಮೇಲೆ, ಇಬ್ಬರು ಸಾಕ್ಷಿಗಳ ಎದುರು, ‘ತಲಾಖ್’ ಎಂಬ ಪದದಲ್ಲಿಯೇ ಹೇಳಿ ತಾರೀಖು ಹಾಕಿ ಬರೆದುಕೊಟ್ಟ ಹೊರತು ಬೇರಾವ ಮಾತಿನಿಂದಲೂ ತಲಾಖ್ ನೀಡುವುದಿಲ್ಲವೆಂದು ವರ ಒಪ್ಪಿದ್ದಾನೆ. ಸಾಲಿನ ಕೆಳಗೆ ವರನ ರುಜು, ಅದರ ಒಂದು ಪ್ರತಿ ವಧುವಿನ ಕೈಯಲ್ಲಿ.