ಸಹಿ ಬಿದ್ದ ಮೇಲೆ ಕಾವಲು ಯಾರದು?



ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ನಮ್ಮಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ. "ನಮ್ಮೂರಲ್ಲಿ ಟೆಂಡರ್ ಅಂದರೆ ಲಂಚ, ಕಮಿಷನ್ನು. ಇಲ್ಲಿ ನೋಡಿ, ಎಲ್ಲ ಕಾನೂನು ಪ್ರಕಾರ." ಕೋಸಂಬರಿ ಬಡಿಸುವವರೂ ಹೌದೆಂದು ತಲೆಯಾಡಿಸುತ್ತಾರೆ. ನಾನೂ ಬಹಳ ವರ್ಷ ಹಾಗೆ ತಲೆಯಾಡಿಸಿದವನೇ. ಈಗ ಆಡಿಸಲಾರೆ. ಯಾಕೆಂದು ಹೇಳುತ್ತೇನೆ, ಬೇಸರಪಡದೆ ಓದಿ.

ನಮ್ಮಲ್ಲಿ ಎಷ್ಟೋ ಜನ ಇಲ್ಲಿಂದಲೇ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿಸಿದ್ದೀರಿ. ಮೂರು ಕಡೆ ಎಸ್ಟಿಮೇಟ್ ತರಿಸಿ, ಅಳೆದು ತೂಗಿ, ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಂಡಿರಿ. ಅಷ್ಟಕ್ಕೇ ಮನೆ ನೆಟ್ಟಗೆ ಎದ್ದಿತೆ? ತಾರಸಿಗೆ ಕಾಂಕ್ರೀಟು ಹಾಕುವ ದಿನ ಬಿಸಿಲಿನಲ್ಲಿ ನಿಂತು ಸಿಮೆಂಟ್ ಮೂಟೆ ಎಣಿಸಿದವರು ಯಾರು? ಮಾರನೆಯ ದಿನದಿಂದ ನೀರು ಹಾಕಿದರೋ ಇಲ್ಲವೋ ಎಂದು ನೋಡಿದವರು ಯಾರು? ನಿಮ್ಮ ತಂದೆ, ಇಲ್ಲವೇ ಭಾವಮೈದುನ. ಅವರಿಲ್ಲದೆ ಬರೀ ಕರಾರಿನ ಮೇಲೆ ಎದ್ದ ಮನೆಗಳ ಗೋಡೆ ಇವತ್ತೂ ಮಳೆಗಾಲದಲ್ಲಿ ಒಸರುತ್ತಿದೆ.

ನನ್ನ ತಕರಾರು ಇಷ್ಟೆ. ಇಲ್ಲಿನ ರಾಜ್ಯ ಸರ್ಕಾರಗಳು ಸಹಿ ಬೀಳುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತವೆ. ಸಹಿ ಬಿದ್ದ ಮಾರನೆಯ ದಿನ ಮಲಗಿಬಿಡುತ್ತವೆ. ಲಂಚವಿಲ್ಲದೆಯೂ ಸಾರ್ವಜನಿಕರ ಹಣ ಹೋಗುತ್ತದೆ. ಅದಕ್ಕೆ ಕಾವಲಿಲ್ಲದಿದ್ದರೆ ಸಾಕು.

ವರ್ಜೀನಿಯಾದವರು ನೆನಪು ಮಾಡಿಕೊಳ್ಳಿ. 2005ರಲ್ಲಿ ರಾಜ್ಯದ ಮಾಹಿತಿ ತಂತ್ರಜ್ಞಾನ ಸಂಸ್ಥೆ 'ವೀಟಾ' ತನ್ನ ಕಂಪ್ಯೂಟರು, ಸರ್ವರು, ಜಾಲ ಎಲ್ಲವನ್ನೂ ನಾರ್ತ್‌ರಾಪ್ ಗ್ರಮ್ಮನ್ ಕಂಪನಿಗೆ ಹತ್ತು ವರ್ಷಕ್ಕೆ ಒಪ್ಪಿಸಿತು. ಒಪ್ಪಂದದ ಮೊತ್ತ 200 ಕೋಟಿ ಡಾಲರಿಗೂ ಮೇಲೆ. ಕೆಲಸ ತಡವಾಯಿತು, ಇಲಾಖೆಗಳು ಗೊಣಗಿದವು, 2009ರಲ್ಲಿ ಶಾಸನಸಭೆಯ ಪರಿಶೋಧನಾ ಆಯೋಗ 'ಜೆಲಾರ್ಕ್' ಲೋಪಗಳನ್ನು ಬರೆದಿಟ್ಟಿತು. ಆದರೂ 2010ರಲ್ಲಿ ಒಪ್ಪಂದವನ್ನು ಇನ್ನೂ ಮೂರು ವರ್ಷ ಹಿಗ್ಗಿಸಿದರು. ಅದೇ ಆಗಸ್ಟ್ ತಿಂಗಳಲ್ಲಿ ಒಂದು ಸ್ಟೋರೇಜ್ ಯಂತ್ರ ಕೆಟ್ಟು 26 ಇಲಾಖೆಗಳ ಕೆಲಸಕ್ಕೆ ಪೆಟ್ಟು ಬಿತ್ತು. ಡಿಎಮ್‌ವಿ ಕಚೇರಿಗಳಲ್ಲಿ ಸುಮಾರು ಒಂದು ವಾರ ಲೈಸೆನ್ಸ್ ಕೊಡಲಾಗಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಲೈಸೆನ್ಸ್ ಇಲ್ಲದಿದ್ದರೆ ಈ ದೇಶದಲ್ಲಿ ಕಾಲು ಕಟ್ಟಿದಂತೆ ಎಂಬುದು ನಿಮಗೆ ಹೇಳಬೇಕಿಲ್ಲ. ಕೊನೆಗೆ 2017ರಲ್ಲಿ ರಾಜ್ಯವೂ ಕಂಪನಿಯೂ ಕೋರ್ಟಿನ ಮೆಟ್ಟಿಲು ಹತ್ತಿದವು. ಇದರಲ್ಲಿ ಲಂಚ ಎಲ್ಲಿದೆ? ನಾನು ಕೇಳಿಲ್ಲ. ನಿರ್ಲಕ್ಷ್ಯ ಮಾತ್ರ ಬೇಕಾದಷ್ಟಿದೆ.

ಇದು ನನ್ನೊಬ್ಬನ ಹೊಟ್ಟೆಯುರಿ ಅಲ್ಲ. ಇದೇ ಜೆಲಾರ್ಕ್ 2016ರಲ್ಲಿ ರಾಜ್ಯದ ಗುತ್ತಿಗೆಗಳ ಮೇಲೆಯೇ ಒಂದು ಇಡೀ ವರದಿ ಬರೆಯಿತು. ಆಗ ವರ್ಷಕ್ಕೆ 600 ಕೋಟಿ ಡಾಲರಿಗೂ ಹೆಚ್ಚು ಹಣ ಗುತ್ತಿಗೆಗಳ ಮೂಲಕ ಖರ್ಚಾಗುತ್ತಿತ್ತು. ಆದರೆ ಗುತ್ತಿಗೆ ನೋಡಿಕೊಳ್ಳಬೇಕಾದ ನೌಕರರಿಗೆ ತರಬೇತಿ ಸಾಲದಾಗಿತ್ತು, ಬಹುಮಂದಿಗೆ ಅದು ಇನ್ನೊಂದು ಕೆಲಸದ ಜೊತೆ ಅಂಟಿಸಿದ ಕೆಲಸವಾಗಿತ್ತು. ಖರೀದಿ ಹೇಗೆ ಮಾಡಬೇಕೆಂದು ಕಲಿಸುತ್ತಿದ್ದರು, ಖರೀದಿಸಿದ್ದನ್ನು ಹೇಗೆ ವಸೂಲು ಮಾಡಿಕೊಳ್ಳಬೇಕೆಂದು ಕಲಿಸುವುದು ಕಡಿಮೆಯಿತ್ತು. 2019ರಲ್ಲಿ ಕಾನೂನು ತಿದ್ದಿ, ಅಪಾಯ ಹೆಚ್ಚಿರುವ ದೊಡ್ಡ ಗುತ್ತಿಗೆಗಳನ್ನು ಸಹಿಗೆ ಮುಂಚೆಯೇ ಪರಿಶೀಲಿಸಬೇಕೆಂದರು. ಒಳ್ಳೆಯದೇ. ಆದರೆ ನೋಡಿ, ಅದೂ ಸಹಿಗೆ ಮುಂಚೆ!

ನಾನೂ ಒಂದು ರಾಜ್ಯ ಸರ್ಕಾರದ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ದುಡಿದವನು. ಕಚೇರಿಯ ಹೆಸರು ಬೇಡ. ಪ್ರತಿ ತಿಂಗಳ ಕೊನೆಗೆ ಒಬ್ಬ ಪುಣ್ಯಾತ್ಮ ನಮ್ಮ ಇನ್‌ವಾಯ್ಸ್‌ಗಳಿಗೆ ಸಹಿ ಮಾಡುತ್ತಿದ್ದ. ಒಳ್ಳೆಯ ಮನುಷ್ಯ, ಒಂದು ಕಾಫಿಯನ್ನೂ ಬೇರೆಯವರಿಂದ ಕುಡಿದವನಲ್ಲ. ಅವನಿಗೆ ಬೇರೆ ಪೂರ್ತಿ ಕೆಲಸವೊಂದಿತ್ತು, ಗುತ್ತಿಗೆ ನೋಡುವುದು ಮೇಲಿನ ಹೊರೆ. ನಾವು ಒಪ್ಪಿಸಿದ್ದು ನಡೆಯುತ್ತದೋ ಇಲ್ಲವೋ ಎಂದು ಅವನು ಒಂದು ದಿನವೂ ತೆರೆದು ನೋಡಲಿಲ್ಲ. ನಡೆಯುತ್ತಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ನಾವೂ ಬಾಯಿಬಿಡಲಿಲ್ಲ. ಗುತ್ತಿಗೆ ಮುಗಿದರೆ ವೀಸಾ ಗತಿಯೇನು ಎಂಬ ಭಯ. ಈ ಬರಹದಲ್ಲಿ ನಾಚಿಕೆಪಡಬೇಕಾದವರ ಪಟ್ಟಿ ಇದ್ದರೆ ಅದರಲ್ಲಿ ನನ್ನ ಹೆಸರೂ ಇರಲಿ.

ಕ್ಯಾರೊಲಿನಾದ ಮಿತ್ರರು ನಗಬೇಕಾಗಿಲ್ಲ. ಉತ್ತರ ಕ್ಯಾರೊಲಿನಾದ ಮೆಡಿಕೇಡ್ ಬಿಲ್ಲುಗಳ ಲೆಕ್ಕಕ್ಕೆ 'ಎನ್‌ಸಿ ಟ್ರ್ಯಾಕ್ಸ್' ಎಂಬ ವ್ಯವಸ್ಥೆ 2013ರ ಜುಲೈ 1ರಂದು ಶುರುವಾಯಿತು. ಅದು ಸಿದ್ಧವಿದೆ ಎನ್ನುವಷ್ಟು ಪರೀಕ್ಷೆ ಆಗಿಲ್ಲವೆಂದು ರಾಜ್ಯದ ಆಡಿಟರ್ ಮುಂಚೆಯೇ ಎಚ್ಚರಿಸಿದ್ದರು. ಕೇಳಿದವರಿಲ್ಲ. ಬಡ ರೋಗಿಗಳನ್ನು ನೋಡುವ ವೈದ್ಯರಿಗೆ ಹಣ ಬರುವುದು ನಿಂತುಹೋಗಿ ಗೋಳಾಯಿತು. ಕೆಲವರು ಮೊಕದ್ದಮೆಯನ್ನೂ ಹೂಡಿದರು.

ದಕ್ಷಿಣ ಕ್ಯಾರೊಲಿನಾದ್ದು ಇನ್ನೂ ದೊಡ್ಡ ಕಥೆ. ಅಲ್ಲಿ ವಿ. ಸಿ. ಸಮ್ಮರ್ ಅಣುಸ್ಥಾವರದ ಎರಡು ಹೊಸ ಘಟಕಗಳಲ್ಲಿ ಶೇಕಡಾ 45 ಪಾಲು ರಾಜ್ಯ ಸರ್ಕಾರದ್ದೇ ಆದ ಸ್ಯಾಂಟೀ ಕೂಪರ್ ಸಂಸ್ಥೆಯದು. ಕೆಲಸ ಹಳಿ ತಪ್ಪಿದೆ ಎಂದು ಬೆಕ್‌ಟೆಲ್ ಕಂಪನಿ 2016ರಲ್ಲಿ ವರದಿ ಕೊಟ್ಟಿತ್ತು. ಜನರಿಗೆ ಅದು ಕಾಣಸಿಕ್ಕಿದ್ದು ಎಲ್ಲ ಮುಗಿದ ಮೇಲೆ. 2017ರ ಜುಲೈ 31ರಂದು, ಸುಮಾರು 900 ಕೋಟಿ ಡಾಲರ್ ಸುರಿದಾದ ಮೇಲೆ, ಕೆಲಸ ಕೈಬಿಟ್ಟರು. ಒಂದು ಯೂನಿಟ್ ಕರೆಂಟೂ ಹುಟ್ಟಲಿಲ್ಲ. ಕರೆಂಟ್ ಬಿಲ್ಲಿನಲ್ಲಿ ಮಾತ್ರ ಜನ ತೆತ್ತರು. "ಇಲ್ಲಿ ತಪ್ಪಿತಸ್ಥರಿಗೆ ಶಿಕ್ಷೆಯಾಗುತ್ತದಲ್ಲ" ಎನ್ನುತ್ತೀರಿ. ನಿಜ, ಪಾಲುದಾರ ಖಾಸಗಿ ಕಂಪನಿಯ ಮುಖ್ಯಸ್ಥರು ಜೈಲಿಗೂ ಹೋದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಾಗಾದರೆ ನಮ್ಮೂರೇ ವಾಸಿಯೆ? ಅಲ್ಲ, ಅಲ್ಲಿಗೂ ಎರಡು ಮಾತು ಇದೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಎಂಬ ಒಳ್ಳೆಯ ಕಾನೂನು ಬಂತು. ಇ-ಟೆಂಡರ್ ಕೂಡ ಬಂತು. ಆದರೆ ಅದೇ ಕಾಯ್ದೆಯಲ್ಲಿ 4(ಜಿ) ಎಂಬ ಹಿತ್ತಿಲ ಬಾಗಿಲಿದೆ: ಸರ್ಕಾರ ಅಧಿಸೂಚನೆ ಹೊರಡಿಸಿದರೆ ಟೆಂಡರೇ ಬೇಡ. ನಾವು ಚಿಕ್ಕವರಾಗಿದ್ದಾಗ ಭೂಸೇನೆ ಎನ್ನುತ್ತಿದ್ದ, ಈಗ ಕೆಆರ್‌ಐಡಿಎಲ್ ಆಗಿರುವ ನಿಗಮಕ್ಕೆ ಕಾಮಗಾರಿಗಳು ಈ ಬಾಗಿಲಿನಿಂದ ಹೋಗಿವೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇಕಡಾ 40ರಷ್ಟು ಕಮಿಷನ್ ಕೇಳುತ್ತಾರೆಂದು ಆರೋಪಿಸಿತು. ಮಾಡಿದ ಕೆಲಸದ ಬಾಕಿ ಬಿಲ್ಲು ಕೈಗೆ ಬರಬೇಕಾದರೂ ಪಾಲು ಕೊಡಬೇಕು ಎಂಬುದೂ ಆ ದೂರಿನಲ್ಲಿತ್ತು. ಅಲ್ಲಿ ಸಹಿಯ ನಂತರ ಬಿಲ್ಲಿಗೆ ಬೆಲೆ ಕಟ್ಟುತ್ತಾರೆಂಬ ದೂರು. ಇಲ್ಲಿ ಸಹಿಯ ನಂತರ ಬಿಲ್ಲನ್ನು ಯಾರೂ ಓದುವುದಿಲ್ಲವೆಂಬ ದೂರು. ರೋಗ ಬೇರೆ, ಆದರೆ ಎರಡೂ ಬೆಳೆಯುವುದು ಯಾರೂ ನೋಡದ ಅದೇ ಜಾಗದಲ್ಲಿ.

"ಕಾವಲಿಗೆ ಜನ ಇಟ್ಟರೆ ಅದಕ್ಕೂ ದುಡ್ಡು ಬೇಡವೆ?" ಎಂದು ಲೆಕ್ಕ ಬಲ್ಲ ಮಿತ್ರರೊಬ್ಬರು ಕೇಳಿದರು. ಬೇಕು. ಆದರೆ 600 ಕೋಟಿ ಡಾಲರಿನ ಹೊಲಕ್ಕೆ ನಾಲ್ಕು ಜನ ಕಾವಲುಗಾರರ ಸಂಬಳ ದುಬಾರಿ ಎಂದರೆ, ಹಂದಿ ನುಗ್ಗಿದಾಗ ಅಳಬಾರದು.

ಕೇಳಬೇಕಾದದ್ದು ಬಹಳವಿಲ್ಲ. ದೊಡ್ಡ ಗುತ್ತಿಗೆಗೆ ಸಹಿ ಹಾಕುವ ದಿನವೇ ಅದನ್ನು ನೋಡಿಕೊಳ್ಳುವ ನೌಕರರು ಯಾರೆಂದು ಪ್ರಕಟವಾಗಲಿ. ಅವರಿಗೆ ಅದೊಂದೇ ಕೆಲಸವಿರಲಿ. ತಿಂಗಳು ಮುಗಿದದ್ದಕ್ಕೆ ಹಣ ಬೇಡ, ಕೆಲಸ ನಡೆದು ತೋರಿಸಿದ್ದಕ್ಕೆ ಹಣ ಕೊಡಲಿ. ಯಾವ ಕಂಪನಿ ಎಲ್ಲಿ ಎಡವಿತು ಎಂಬ ಪಟ್ಟಿ ಎಲ್ಲ ಇಲಾಖೆಗಳ ಕೈಗೆ ಸಿಗಲಿ, ಒಂದು ಕಡೆ ಕೆಡಿಸಿದವರು ಇನ್ನೊಂದು ಕಡೆ ಹೊಸ ಮದುಮಗನಂತೆ ಬರದಿರಲಿ.

ಇದನ್ನು ಕೇಳಲು ನಮಗಿಂತ ಯೋಗ್ಯರು ಯಾರು? ರಿಚ್ಮಂಡ್, ರಾಲಿ, ಅಟ್ಲಾಂಟಾಗಳ ಸರ್ಕಾರಿ ಯೋಜನೆಗಳಲ್ಲಿ ಒಳಗೆ ಕೂತು ಕೋಡ್ ಬರೆಯುವವರಲ್ಲಿ ನಮ್ಮವರೂ ಇದ್ದಾರೆ. ಹೊರಗೆ ಕೂತು ತೆರಿಗೆ ಕಟ್ಟುವವರೂ ನಾವೇ. ಪೌರತ್ವ ಬಂದವರು ನಿಮ್ಮ ಶಾಸಕರಿಗೆ ಒಂದು ಪುಟದ ಪತ್ರ ಬರೆಯಿರಿ. ನಮ್ಮ ಮನೆಯ ತಾರಸಿಗೆ ಕಾವಲು ನಿಲ್ಲಲು ಭಾವಮೈದುನನನ್ನು ಕಳಿಸಿದವರು ನಾವು. ಈ ರಾಜ್ಯವೂ ಈಗ ನಮ್ಮ ಮನೆಯೇ ಅಲ್ಲವೆ?

ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ. ಊಟದ ಸಾಲಿನಲ್ಲಿ ಸಿಕ್ಕಿ ಬೈದರೂ ಸಂತೋಷವೇ.